ಐದು ಬೀಡಿಯಷ್ಟು ಮಾತು

ಕಾಲೇಜಿನ ಚರ್ಚಾಸ್ಪರ್ಧೆಗೆ ಚೀಟಿ ಎತ್ತಿದೆ.
ಬಿಡಿಸಿದರೆ: ಪರ.
ತಂಬಾಕಿನ ಮೇಲೆ ತೆರಿಗೆ ಏರಿಸಲೇಬೇಕು ಎನ್ನುವವರ ಸಾಲಿನಲ್ಲಿ
ಮೂರನೆಯವಳು ನಾನು. ಮೂರು ನಿಮಿಷ.
ಅಂಕಿ ಅಂಶ ಇರಲಿ, ಕಣ್ಣೀರು ಬೇಡ,
ಅಂದರು ಗಂಗಾಂಬಿಕೆ ಮೇಡಂ.

ಸಂಜೆ ಪಿ.ಎಚ್. ಕಾಲೋನಿಯ ನಮ್ಮ ಹೊಸ್ತಿಲಲ್ಲಿ
ಅಮ್ಮಿಯ ತೊಡೆಯ ಮೇಲೆ ಮೊರ,
ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ಪುಡಿ, ಕೆಂಪು ದಾರದ ಉಂಡೆ.
ಫೋನಿನಲ್ಲಿ ಟೈಮ್ ಇಡುತ್ತೇನೆ ಅಂದೆ.
ಗಂಟೆಗೆ ನೂರು ಕಟ್ಟುವ ಕೈ
ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿತ್ತು:
ಮೂರು ನಿಮಿಷ ಅಂದರೆ ಐದು ಬೀಡಿ. ಶುರು ಮಾಡು.
ದಖನಿಯಲ್ಲಿ ಹೇಳಲಾ?
ಬೇಡ, ಅವರಿಗೆ ಹೇಳೋ ಹಾಗೇ ಹೇಳು.

ಮಾನ್ಯ ತೀರ್ಪುಗಾರರೇ, ಅಂದೆ.
ಯಾರವರು? ಅಂದಳು.

ಬೆಲೆ ಏರಿದರೆ ಹುಡುಗರು ಮುಟ್ಟುವುದಿಲ್ಲ, ಅಂದೆ.
ಅಮ್ಮಿ ತಲೆಯಾಡಿಸಿದಳು,
ಒಪ್ಪಿಗೆಯೋ ಸುರುಳಿ ಸುತ್ತುವಾಗಿನ ಅಭ್ಯಾಸವೋ
ತಿಳಿಯಲಿಲ್ಲ.
ಎರಡನೆಯದಕ್ಕೆ ಮೂಡಲಗಿರಿಯಪ್ಪನನ್ನು ಕರೆತಂದೆ.
ಅಂತರಸನಹಳ್ಳಿ ಮಂಡಿಯ ಹಮಾಲಿ, ದಿನಕ್ಕೆ ಎರಡು ಕಟ್ಟು.
ಹುಣಸೆ ಮೂಟೆ ಹೊತ್ತರೆ ಈಗ
ಲಾರಿಗೂ ಅಂಗಡಿಗೂ ನಡುವೆ ಮೂರು ಸಲ ನಿಲ್ಲುತ್ತಾನೆ,
ಕೆಮ್ಮಿದರೆ ಮಲಗಿದ್ದ ನಾಯಿ ಎದ್ದು ಜಾಗ ಬಿಡುತ್ತದೆ.
ಕೈ ಅರೆಗಳಿಗೆ ನಿಂತಿತು.
ಅವನು ಸೇದೋದು ನಮ್ಮ ಮಾರ್ಕಿನದೇ, ಅಂದಳು.
ದಾರ ಸುತ್ತಿದಳು.

ಆಮೇಲೆ ನನ್ನ ಬ್ಯಾಗಿನ ಮಾತು.
ಬೀಡಿಯ ಮೇಲೆ ಹಿಂದೊಂದು ಸೆಸ್ಸಿತ್ತು,
ಅದೇ ಊರೂರು ಸುತ್ತಿ ಸ್ಕಾಲರ್‌ಶಿಪ್ಪಾಗಿ ಬಂದು
ಏಳನೇ ಕ್ಲಾಸಿನಲ್ಲಿ ನನ್ನ ಹೆಗಲೇರಿ ಕೂತಿತ್ತು, ನೀಲಿ ಬಣ್ಣ, ಎರಡು ಜಿಪ್ಪು.
ಮೂಡಲಗಿರಿಯಪ್ಪ ಎಳೆದ ಒಂದೊಂದು ದಮ್ಮಿನಲ್ಲೂ
ನನ್ನದೊಂದು ಅಕ್ಷರ ಉರಿದಿದೆ.
ಈ ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತ್ತು.
ಚಪ್ಪಾಳೆ ಬೀಳುತ್ತೆ, ಅಂದಳು ಅಮ್ಮಿ,
ಅವನ ಮುಂದೆ ಮಾತ್ರ ಹೇಳಬೇಡ.

ಸರಿ, ಈ ಟ್ಯಾಕ್ಸು ಯಾರ ಮೇಲೆ ಬೀಳುತ್ತೆ?
ಕಂಪನಿ ಮೇಲೆ.
ನಕ್ಕಳು, ಹಲ್ಲಿನ ತುದಿಯಲ್ಲಿ ದಾರ.
ಹೋದ ಸಲ ಕಂಪನಿ ಮೇಲೆ ಬಿದ್ದದ್ದು
ಖಲೀಲ್ ಸಾಬರ ತಕ್ಕಡಿಗೆ ಜಾರಿತು,
ತಕ್ಕಡಿಯಿಂದ ನನ್ನ ಮೊರಕ್ಕೆ ಬಂತು.
ಸಾವಿರಕ್ಕೆ ಕೊಡೋ ಎಲೆಯಲ್ಲಿ ಎಂಬತ್ತು ಗ್ರಾಂ ಕಮ್ಮಿ,
ಸಾವಿರ ಮಾತ್ರ ಸಾವಿರವೇ.
ಕಮ್ಮಿ ಬಿದ್ದ ಎಲೆಗೆ ಕೈಯಿಂದ ದುಡ್ಡು ಹಾಕಿದೆ, ಬರೆದುಕೋ.
ಅದು ವಿರೋಧದವರ ಮಾತು ಅಮ್ಮಿ,
ನನಗೆ ಬಂದಿರೋದು ಪರ.
ಪರ ಅಂದರೆ ಬೇರೆಯವರು ಅಂತಲ್ಲವಾ, ಅಂದಳು,
ತಲೆಯೆತ್ತದೆ.

ಐದಾಯಿತು. ಮಾತು ಮುಗಿದಿರಲಿಲ್ಲ.
ಕೊನೆಗೊಂದು ಸಾಲು, ಮೇಡಂ ಕೆಂಪು ಶಾಯಿಯಲ್ಲಿ ಸೇರಿಸಿದ್ದು:
ಬೀಡಿ ಕಾರ್ಮಿಕರಿಗೆ ಪರ್ಯಾಯ ಉದ್ಯೋಗ ಒದಗಿಸತಕ್ಕದ್ದು.
ಯಾವ ಕೆಲಸ? ಯಾವ ತಿಂಗಳಿಂದ?
ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಬಂತಾ ಎಂದು ಕೇಳುತ್ತಿದ್ದ
ಅದೇ ದನಿ.
ಹಾಳೆ ತಿರುವಿದೆ. ಹಿಂದೆ ಖಾಲಿ.

ಒಂದು ಬೀಡಿ ಜಾಸ್ತಿ ಆಯ್ತು, ಏನಾದ್ರೂ ತೆಗಿ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ.
ಕೆಮ್ಮು ತೆಗೆಯಲಾ, ಬ್ಯಾಗು ತೆಗೆಯಲಾ,
ಎಂಬತ್ತು ಗ್ರಾಂ ಸೇರಿಸಿದರೆ ಏಳಾಗುತ್ತೆ.
ಅಮ್ಮಿ ಆರನೆಯದನ್ನು ಬಲ್ಬಿನತ್ತ ಹಿಡಿದು,
ಎರಡು ಬೆರಳಲ್ಲಿ ಒತ್ತಿ ನೋಡಿ, ಬದಿಗೆಸೆದಳು.
ರಿಜೆಕ್ಟು.
ನಿನ್ನ ಮಾತು ಕೇಳ್ತಾ ಸಡಿಲ ಕಟ್ಟಿಬಿಟ್ಟೆ,
ಇದರ ಕೂಲಿ ನಿನ್ನ ಲೆಕ್ಕಕ್ಕೆ.
ಹೂಂ, ಮತ್ತೆ ಮೊದಲಿಂದ ಹೇಳು.